ಅವನ ಪಕ್ಕದಲ್ಲಿ ಇನ್ನೊಬ್ಬನು

ಪ್ರಿಯ ಯೌವನಸ್ಥರೇ, ನೆಹೆಮೀಯ 3ನೇ ಅಧ್ಯಾಯ ತೆರೆಯಿರಿ. ಎಷ್ಟೋ ಜನ ಸ್ಕಿಪ್ ಮಾಡುವ ಅಧ್ಯಾಯ ಇದು, ಅಲ್ವಾ? ಬರೀ ಹೆಸರುಗಳು. ಇಂಥವನು ಇಷ್ಟು ಗೋಡೆ ಕಟ್ಟಿದ, ಅವನ ಪಕ್ಕದಲ್ಲಿ ಇನ್ನೊಬ್ಬ ಕಟ್ಟಿದ. ಇವತ್ತು ಆ "ಪಕ್ಕದಲ್ಲಿ" ಅನ್ನೋ ಮಾತನ್ನೇ ಹಿಡಿದುಕೊಳ್ಳೋಣ.

ಯಾರ್ಯಾರಿದ್ದಾರೆ ನೋಡಿ. ಮಹಾಯಾಜಕ ಎಲ್ಯಾಷೀಬನಿದ್ದಾನೆ. 8ನೇ ವಚನದಲ್ಲಿ ಅಕ್ಕಸಾಲಿಗ, ಅವನ ಪಕ್ಕದಲ್ಲಿ ಸುಗಂಧದ್ರವ್ಯ ಮಾಡುವವನು. 12ನೇ ವಚನದಲ್ಲಿ ಶಲ್ಲೂಮನೂ ಅವನ ಹೆಣ್ಣುಮಕ್ಕಳೂ. ಇವರ್ಯಾರೂ ಗಾರೆ ಕೆಲಸದವರಲ್ಲ! ಆದರೂ 52 ದಿನಗಳಲ್ಲಿ ಗೋಡೆ ಎದ್ದು ನಿಂತಿತು. 5ನೇ ವಚನವನ್ನೂ ಬಿಡಬೇಡಿ. ತೆಕೋವದ ದೊಡ್ಡ ಮನುಷ್ಯರು ಹೆಗಲು ಕೊಡಲಿಲ್ಲ. ದೇವರ ಪುಸ್ತಕದಲ್ಲಿ ಅದೂ ದಾಖಲಾಗಿದೆ.

ನಮ್ಮ ಕಾಲದಲ್ಲಿ ಬಿದ್ದ ಗೋಡೆ ಯಾವುದು? 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಪಾಠ ಫೋನಿಗೆ ಬಂತು, ಚಂದನ ಟಿವಿಗೆ ಬಂತು. ಬಿಸಿಯೂಟ ನಿಂತಿತು. ನಾನು ಭೇಟಿ ಮಾಡುತ್ತಿದ್ದ ಮನೆಗಳಲ್ಲಿ ಒಂದೇ ಫೋನ್. ಬೆಳಿಗ್ಗೆ ಅಪ್ಪ ಅದನ್ನು ಕೆಲಸಕ್ಕೆ ತೆಗೆದುಕೊಂಡು ಹೋದರೆ ಮೂರು ಮಕ್ಕಳ ಮೂರು ಕ್ಲಾಸೂ ರಾತ್ರಿವರೆಗೆ ಕಾಯಬೇಕು. ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು, ಆ ಕ್ಲಾಸ್‌ರೂಮಿನಲ್ಲಿ ಒಂದು ದಿನವೂ ಕೂರದೆ ಎರಡನೇ ಕ್ಲಾಸಿಗೆ ಬಂತು. ಅಕ್ಷರದ ಬುನಾದಿ ಹಾಕುವ ವರ್ಷವೇ ಹೋಯಿತು!

ಆಗ ಪಕ್ಕದಲ್ಲಿ ನಿಂತವರೂ ಇದ್ದರು. 2020ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ ವಿದ್ಯಾಗಮ ಶುರುಮಾಡಿತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಮೇಷ್ಟ್ರೇ ಮಕ್ಕಳ ಹತ್ತಿರ ಹೋದರು. ದೇವಸ್ಥಾನದ ಅಂಗಳ, ಸಮುದಾಯ ಭವನ, ಮರದ ನೆರಳು ಕ್ಲಾಸ್‌ರೂಮ್ ಆದವು. ಜನ ವಠಾರ ಶಾಲೆ ಅಂದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನವೆಂಬರ್‌ನಲ್ಲಿ ಓದುವ ಬೆಳಕು ಬಂತು. ಗ್ರಾಮ ಪಂಚಾಯಿತಿ ಲೈಬ್ರರಿಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಮೇಷ್ಟ್ರು ಒಂದು ಕಲ್ಲು, ಜಾಗ ಕೊಟ್ಟ ಊರಿನವರು ಒಂದು ಕಲ್ಲು, ಲೈಬ್ರರಿಯವರು ಒಂದು ಕಲ್ಲು. ಯಾರೊಬ್ಬರಿಂದಲೂ ಇಡೀ ಗೋಡೆ ಆಗುತ್ತಿರಲಿಲ್ಲ.

"ಪಾಸ್ಟರ್, ಅದೆಲ್ಲ ಮುಗಿದ ಕಥೆ" ಅಂತೀರಾ? ಶಾಲೆ ತೆರೆದ ಮಾತ್ರಕ್ಕೆ ಬುನಾದಿ ತುಂಬಲಿಲ್ಲ. ಪಾಠ ಮುಂದೆ ಓಡಿತು, ಮಗು ಹಿಂದೆ ಉಳಿಯಿತು. ಹೋಮ್‌ವರ್ಕ್ ಈಗಲೂ ವಾಟ್ಸಾಪ್‌ನಲ್ಲಿ ಬರುತ್ತೆ, ಫೋನ್ ಈಗಲೂ ಒಂದೇ. ಓದಲು ಬರದ ಮಗು ನಾಚಿಕೆಯಿಂದ ಹಿಂದಿನ ಬೆಂಚಿಗೆ ಹೋಗುತ್ತೆ, ಆಮೇಲೆ ಒಂದು ದಿನ ಶಾಲೆಗೇ ಬರಲ್ಲ. ಆ ಮಗುವಿಗಾಗಿ ಉಪವಾಸ ಪ್ರಾರ್ಥನೆ ಮಾಡೋಣ. ಮಾಡಿ ಎದ್ದ ಮೇಲೆ ಅದರ ಮನೆಗೂ ಹೋಗೋಣ.

ಹೇಗೆ? ಮೊದಲು ನಿಮ್ಮ ಏರಿಯಾದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರನ್ನೂ ಎಸ್‌ಡಿಎಂಸಿಯವರನ್ನೂ ಭೇಟಿ ಮಾಡಿ. "ನಾವೇನು ಮಾಡಬಹುದು ಸಾರ್?" ಅಂತ ಕೇಳಿ, ಅವರು ಹೇಳಿದ್ದನ್ನು ಮಾಡಿ. ನಿಮಗೆ ಗಣಿತ ಬರುತ್ತಾ? ಅದು ನಿಮ್ಮ ಕಲ್ಲು. ಡ್ರಾಯರಿನಲ್ಲಿ ಹಳೇ ಫೋನ್ ಇದೆಯಾ? ಅದೂ ಕಲ್ಲು. ವಾರವೆಲ್ಲ ಖಾಲಿ ಇರುವ ನಮ್ಮ ಹಾಲ್, ಈ ಫ್ಯಾನು, ಈ ವೈಫೈ, ಇವೂ ಕಲ್ಲುಗಳೇ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಪಕ್ಕದಲ್ಲಿ ನಿಲ್ಲುವವರು ನಮ್ಮ ಸಭೆಯವರೇ ಆಗಿರಬೇಕಿಲ್ಲ. ಪಾಠದ ಹಿಂದೆ ಷರತ್ತು ಇಡಬೇಡಿ. ಯೇಸು ಹತ್ತು ಕುಷ್ಠರೋಗಿಗಳನ್ನು ಶುದ್ಧ ಮಾಡಿದನು. ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಸ್ವಸ್ಥತೆಯನ್ನು ಆತನು ವಾಪಸ್ ತೆಗೆದುಕೊಂಡನಾ? ಇಲ್ಲ! ಮಗು ಓದಲು ಕಲಿತರೆ ಸಾಕು, ಮಹಿಮೆ ದೇವರಿಗೆ ಸಲ್ಲುತ್ತೆ.

ಕಣ್ಣು ಮುಚ್ಚೋಣ. ಪರಲೋಕದ ತಂದೆಯೇ, ನಮ್ಮನ್ನು ತೆಕೋವದ ದೊಡ್ಡವರ ಸಾಲಿನಲ್ಲಿ ಬರೆಯಬೇಡ. ಯಾವ ಮಗುವಿನ ಪಕ್ಕದಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ನಮ್ಮನ್ನು ನಿಲ್ಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.