ಮಾಡಿದ್ದು, ಆದದ್ದು

ಮೇಘಾಲಯದ ಜೈಂತಿಯಾ ಬೆಟ್ಟಗಳಿಗೆ ನೀರಿನ ಮಾದರಿ ತರಲು ಹೋಗಿದ್ದೆ. ಹಳ್ಳದ ಕಲ್ಲುಗಳಿಗೆಲ್ಲ ತುಕ್ಕಿನ ಬಣ್ಣ, ನೀರು ಮಾತ್ರ ತಿಳಿಯಾಗಿತ್ತು. ಮೀಟರ್ ಅದ್ದಿದರೆ ಪಿಎಚ್ ಮೂರರ ಆಸುಪಾಸು, ಅಂದರೆ ಹುಳಿ ಮಜ್ಜಿಗೆಗಿಂತ ಹುಳಿ. ಒಂದು ಮೀನೂ ಕಾಣಲಿಲ್ಲ. ನನ್ನನ್ನು ಕರೆತಂದ ಟ್ಯಾಕ್ಸಿಯವರು ಹಿಂದೆ ಕಲ್ಲಿದ್ದಲಿನ ಲಾರಿ ಓಡಿಸುತ್ತಿದ್ದವರು. ಹಿಂದಿಯಲ್ಲಿ ಕೇಳಿದರು: “ಈ ಗಣಿ ನಿಂತು ಎಷ್ಟೋ ವರ್ಷವಾಯಿತು. ನೀರು ಇನ್ನೂ ಯಾಕೆ ಹೀಗಿದೆ?”

ಉತ್ಸಾಹದಿಂದ ವಿವರಿಸಿದೆ. ನಮ್ಮ ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಬರುವ ಸಿಂಗರೇಣಿ ಕಲ್ಲಿದ್ದಲು ಇಪ್ಪತ್ತೈದು ಕೋಟಿ ವರ್ಷಕ್ಕೂ ಹಳೆಯದು, ಸಿಹಿನೀರಿನ ಜೌಗಿನಲ್ಲಿ ಹುಟ್ಟಿದ್ದು. ಅದರಲ್ಲಿ ಬೂದಿ ಜಾಸ್ತಿ, ಗಂಧಕ ಕಡಿಮೆ. ಜೈಂತಿಯಾದ್ದು ಸುಮಾರು ಐದು ಕೋಟಿ ವರ್ಷದ ಎಳೆಯ ಕಲ್ಲಿದ್ದಲು, ಕಡಲಂಚಿನ ಜೌಗಿನದು. ಸಮುದ್ರದ ನೀರಿನಲ್ಲಿದ್ದ ಸಲ್ಫೇಟನ್ನು ಬ್ಯಾಕ್ಟೀರಿಯಾಗಳು ಸಲ್ಫೈಡ್ ಮಾಡಿದವು. ಅದು ಕಬ್ಬಿಣದ ಜೊತೆ ಸೇರಿ ಪೈರೈಟ್ ಆಯಿತು. ಗಾಳಿ ತಾಗದಿದ್ದರೆ ಅದು ತನ್ನ ಪಾಡಿಗೆ ಇರುತ್ತದೆ. ಅಗೆದಾಗ ಗಾಳಿ, ನೀರು ಎರಡೂ ಸಿಗುತ್ತವೆ, ಗಂಧಕಾಮ್ಲ ಹುಟ್ಟುತ್ತದೆ. ಕರಗಿದ ಕಬ್ಬಿಣ ಮತ್ತಷ್ಟು ಪೈರೈಟನ್ನು ತಿನ್ನುತ್ತದೆ. ಗಣಿಯ ಕೆಲಸ ನಿಂತರೂ ಈ ಕೆಲಸ ನಿಲ್ಲುವುದಿಲ್ಲ, ದಶಕಗಳ ಕಾಲ ನಡೆಯುತ್ತಿರುತ್ತದೆ.

ಅವರು ಎಲ್ಲ ಕೇಳಿ ನಕ್ಕರು. “ಹಾಗಾದರೆ ತಪ್ಪು ಕಲ್ಲಿನದು ಅನ್ನಿ.”

ನಾಲ್ಕು ವರ್ಷದಿಂದ ನಾನು ಪ್ರಬಂಧದಲ್ಲಿ ಬರೆಯುತ್ತಿರುವುದೂ ಅದನ್ನೇ ಅಲ್ಲವೇ? ‘ಆಮ್ಲ ಉತ್ಪತ್ತಿಯಾಗುತ್ತದೆ’, ‘ನೀರು ಕಲುಷಿತಗೊಳ್ಳುತ್ತದೆ’. ಆಗುತ್ತದೆ, ಗೊಳ್ಳುತ್ತದೆ. ಯಾರೂ ಏನೂ ಮಾಡಿಲ್ಲ. ವಿಜ್ಞಾನದ ಭಾಷೆ ಕಾರಣವನ್ನು ಹುಡುಕುವಾಗ ಕರ್ತೃವನ್ನು ಮೆಲ್ಲಗೆ ಹಿಂಬಾಗಿಲಿನಿಂದ ಕಳಿಸಿಬಿಡುತ್ತದೆ.

ಹಾಗಂತ ಕರ್ತೃವನ್ನು ಹುಡುಕಹೊರಟರೆ ಸುಲಭವೂ ಅಲ್ಲ. ಇಲ್ಲಿನ ಪದರಗಳು ತೆಳು. ಮನುಷ್ಯ ತೆವಳಿಕೊಂಡು ಹೋಗುವ ಇಲಿಬಿಲದಂಥ ಸುರಂಗಗಳಲ್ಲೇ ಅಗೆತ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಇದನ್ನು ನಿಷೇಧಿಸಿತು. ಆದರೂ 2018ರ ಡಿಸೆಂಬರ್ 13ರಂದು ಕ್ಸಾನ್ ಎಂಬಲ್ಲಿ ಅಕ್ರಮ ಗಣಿಗೆ ನೀರು ನುಗ್ಗಿ 15 ಮಂದಿ ಒಳಗೇ ಉಳಿದರು. ಅವರೂ ಪೈರೈಟಿಗೆ ಗಾಳಿ ತೋರಿಸಿದವರೇ. ಅವರನ್ನು ತಪ್ಪಿತಸ್ಥರ ಪಟ್ಟಿಗೆ ಸೇರಿಸಲು ನನಗೆ ಬಾಯಿ ಬರುವುದಿಲ್ಲ.

ಭೂಮಾಲೀಕರಿದ್ದಾರೆ. ಆರನೇ ಪರಿಚ್ಛೇದಕ್ಕೆ ಸೇರಿದ ಈ ನೆಲದಲ್ಲಿ ಜಮೀನು ಸರ್ಕಾರದ್ದಲ್ಲ, ವ್ಯಕ್ತಿಗಳದ್ದು, ಸಮುದಾಯದ್ದು. 2019ರಲ್ಲಿ ಸುಪ್ರೀಂ ಕೋರ್ಟ್ ನೆಲದಡಿಯ ಕಲ್ಲಿದ್ದಲೂ ಅವರದ್ದೇ ಎಂದು ಒಪ್ಪಿತು. ಆದರೆ ಅಗೆಯಬೇಕಾದರೆ ಗಣಿ ಕಾನೂನು ಪಾಲಿಸಬೇಕೆಂದಿತು. ಹೊರಗಿನವರು ಬಂದು ನೆಲ ಕಿತ್ತುಕೊಳ್ಳುವುದನ್ನು ಕಂಡ ದೇಶದಲ್ಲಿ ಈ ಹಕ್ಕು ಸಣ್ಣದಲ್ಲ, ನಾನದನ್ನು ಮನಸಾರೆ ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಪದರ ನನ್ನದು ಅಂದವರು ಅದರಿಂದ ಇಳಿದ ಹುಳಿಯನ್ನೂ ನನ್ನದು ಅನ್ನಬೇಡವೇ? ಒಡೆತನ ಆಳಕ್ಕೆ ಇಳಿಯುತ್ತದೆ, ಇಳಿಜಾರಿಗೆ ಮಾತ್ರ ಹರಿಯುವುದಿಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಅನ್ನುತ್ತೇವೆ. ಇಲ್ಲಿ ಮಾಡಿದವನು ಮೇಲಿದ್ದಾನೆ, ಉಣ್ಣುವವನು ಹೊಳೆಯ ಕೆಳಗಿದ್ದಾನೆ, ಇನ್ನೂ ಹುಟ್ಟದೆಯೂ ಇರಬಹುದು. ಚಳಿಗಾಲದಲ್ಲಿ ನೀಲಿಗಟ್ಟುವ ಲುಖಾ ನದಿಯ ದಂಡೆಯಲ್ಲಿ ನೆಂಟರ ಹಾಗೆ ನಿಂತು ಫೋಟೊ ತೆಗೆದ ನಾನು ಯಾವ ಸಾಲಿನವನು, ತಿಳಿಯದು. ಈ ಹುಳಿಯಿಂದ ಒಂದು ಪದವಿಯಂತೂ ನನಗೆ ಸಿಗುತ್ತದೆ.

ಊರಿಗೆ ಬಂದು ಮೂರನೇ ಅಧ್ಯಾಯದ ಒಂದು ವಾಕ್ಯ ತಿದ್ದಿದೆ: ‘ಗಣಿ ತೋಡಿದವರು, ತೋಡಿಸಿದವರು, ಕೊಂಡವರು ಈ ನೀರನ್ನು ಹುಳಿ ಮಾಡಿದರು.’ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆದರು: ‘ದತ್ತಾಂಶ ಇದನ್ನು ಹೇಳುವುದಿಲ್ಲ.’ ಅವರ ಮಾತು ಸರಿ. ಆ ವಾಕ್ಯವನ್ನು ಇನ್ನೂ ಅಳಿಸಿಲ್ಲ.