ಗೂಡಿನಲ್ಲಿದ್ದ ಗ್ಲಾಸು

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಅಡಿಗೆಮನೆಯನ್ನು ಹೊಸದಾಗಿ ಮಾಡಿಸುವುದೆಂದು ತೀರ್ಮಾನವಾಯಿತು. ನಮ್ಮದು ಚಿತ್ತಾಪುರ ತಾಲ್ಲೂಕಿನ ನಾಲವಾರ, ವಾಡಿಯಿಂದ ಯಾದಗಿರಿಗೆ ಹೋಗುವ ರೈಲುದಾರಿಯ ಮೇಲಿನ ಊರು. ಅವ್ವನಿಗೆ ಮೊಣಕಾಲು ನೋವು. ಕೆಳಗೆ ಕೂತು ರೊಟ್ಟಿ ಬಡಿದು ಏಳುವಷ್ಟರಲ್ಲಿ ಗೋಡೆ ಹಿಡಿಯಬೇಕು. ಬೆಂಗಳೂರಿನಲ್ಲಿರುವ ಅಣ್ಣ ದುಡ್ಡು ಕೊಡುತ್ತೇನೆಂದ. ನಕ್ಷೆ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಲಬುರಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಚನಗಳಲ್ಲಿ ದಾಸೋಹದ ಕಲ್ಪನೆ ನನ್ನ ವಿಷಯ. ಇಷ್ಟು ವರ್ಷ ಓದಿದವನಿಗೆ ಒಂದು ಅಡಿಗೆಮನೆಯ ನಕ್ಷೆ ಬರಲೇಬೇಕು ಎಂಬುದು ಅಣ್ಣನ ಲೆಕ್ಕ.

ಹಳೆಯ ಅಡಿಗೆಮನೆ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ನೆಲಕ್ಕೂ ಕಟ್ಟೆಗೂ ಫರ್ಸಿ, ಅಂದರೆ ಶಹಾಬಾದ್ ಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ನೆಲದಡಿ ಪದರು ಪದರಾಗಿ ಸಿಗುವ ಈ ಸುಣ್ಣದ ಕಲ್ಲು ಚಪ್ಪಡಿಯಾದರೆ ಮನೆಗೆ ಬರುತ್ತದೆ, ಪುಡಿಯಾದರೆ ವಾಡಿಯ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಒಂದು ಮೂಲೆಯಲ್ಲಿ ಹಳೇ ಒಲೆಯ ಕಪ್ಪು, ಅದರ ಪಕ್ಕ ಗ್ಯಾಸು. ಗೋಡೆಯಲ್ಲಿ ಒಟ್ಟು ಏಳು ಗೂಡು. ಮುತ್ಯಾನ ಕಾಲದಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ಇಡುತ್ತಿದ್ದರಂತೆ. ಈಗ ತಗಡಿನ ಡಬ್ಬಿಗಳು ಬಂದಿವೆ, ತೊಗರಿಬೇಳೆಯ ಜೊತೆ ಒಣಗಿದ ಬೇವಿನ ಎಲೆ ಇದೆ. ಬೇಸಿಗೆಯಲ್ಲಿ ಕುಟ್ಟಿಸಿದ ಖಾರ, ಶೇಂಗಾ ಹಿಂಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲವೂ ಒಂದು ವರ್ಷದ ಲೆಕ್ಕದಲ್ಲಿ ಕೂತಿರುತ್ತವೆ. ವಾರಕ್ಕೊಮ್ಮೆ ಪೊಟ್ಟಣ ತರುವ ನಗರದ ಮನೆಗೆ ಮಾಡಿದ ಕಪಾಟು ಇಂಥ ಮನೆಗೆ ಸಾಲುವುದಿಲ್ಲ ಎಂಬುದು ನನಗೆ ಮೊದಲು ತಿಳಿದ ಪಾಠ.

ಓದುವವನ ಚಟದಂತೆ ನಾನು ಮೊದಲು ಪುಸ್ತಕಕ್ಕೆ ಹೋದೆ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಕೆಲಸದ ತ್ರಿಕೋನ' ಎಂಬ ಲೆಕ್ಕ ಸಿಕ್ಕಿತು. ಒಲೆ, ಸಿಂಕು, ಫ್ರಿಜ್ಜು ಈ ಮೂರರ ನಡುವೆ ಎಳೆದ ಗೆರೆಗಳ ಮೊತ್ತ 13 ಅಡಿಗಿಂತ ಕಡಿಮೆ ಇರಬಾರದು, 26 ಅಡಿ ಮೀರಬಾರದು. ಅದಕ್ಕೂ ಮೊದಲು 1926ರಲ್ಲಿ ಮಾರ್ಗರೆಟೆ ಷುಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗಾಗಿ ಒಂದು ಅಡಿಗೆಮನೆ ರೂಪಿಸಿದ್ದರು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಸುಮಾರು ಮೂರೂವರೆ ಮೀಟರು. ರೈಲಿನ ಊಟದ ಬೋಗಿಯಲ್ಲಿ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಜನಕ್ಕೆ ಅಡಿಗೆಯಾಗುವುದು ಅವರಿಗೆ ಮಾದರಿಯಾಗಿತ್ತು. ಅಕ್ಕಿಗೆ, ಸಕ್ಕರೆಗೆ, ಬೇಳೆಗೆ ಹೆಸರು ಬರೆದ ಅಲ್ಯುಮಿನಿಯಂ ಡಬ್ಬಿಗಳು ಸಾಲಾಗಿ ಗೋಡೆಯಲ್ಲೇ ಕೂರುತ್ತಿದ್ದವು. ಅಂಥ ಸುಮಾರು ಹತ್ತು ಸಾವಿರ ಅಡಿಗೆಮನೆಗಳನ್ನು ಕಟ್ಟಿದರು. ನಾವು ಇಂದು ಮಾಡ್ಯುಲರ್ ಕಿಚನ್ ಎನ್ನುವುದರ ಅಜ್ಜಿ ಅದು. ಅದನ್ನು ರೂಪಿಸುವ ಹೊತ್ತಿಗೆ ತಾನು ಅಡಿಗೆ ಮಾಡಿದವಳೇ ಅಲ್ಲ ಎಂದು ಆಕೆಯೇ ವಯಸ್ಸಾದ ಮೇಲೆ ಹೇಳಿಕೊಂಡಿದ್ದಾರೆ. ಅದನ್ನು ಓದಿ ನನಗೆ ಧೈರ್ಯ ಬಂತು. ನಾನೂ ಚಹಾದಾಚೆ ಏನೂ ಮಾಡಿದವನಲ್ಲ.

ಆ ಧೈರ್ಯವನ್ನು ಅವ್ವ ಎರಡೇ ನಿಮಿಷದಲ್ಲಿ ಇಳಿಸಿದಳು. ನಾನು ಕಟ್ಟೆಯ ಎತ್ತರ 34 ಇಂಚು ಎಂದು ಬರೆದಿದ್ದೆ. ಅವಳು ಎದ್ದು ನಿಂತು ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದಳು. "ಇಷ್ಟೆತ್ತರ ಇದ್ರ ಭುಜ ಹೋಗ್ತದ. ರೊಟ್ಟಿ ಬಡಿಯೋದು ಕೈಯಿಂದ ಅಲ್ಲ, ಮೈಯಿಂದ." ಅವಳು ಹೇಳಿದ್ದು ಸರಿಯಾಗಿತ್ತು. ತರಕಾರಿ ಹೆಚ್ಚುವುದಕ್ಕೆ ಮೊಣಕೈಗಿಂತ ತುಸು ಕೆಳಗಿನ ಕಟ್ಟೆ ಸಾಕು. ಮೈಭಾರ ಹಾಕಿ ನಾದುವುದಕ್ಕೆ, ಬಡಿಯುವುದಕ್ಕೆ ಇನ್ನೂ ತಗ್ಗು ಬೇಕು. ಕೊನೆಗೆ ಎರಡು ಎತ್ತರ ಮಾಡಿದೆವು. ಗ್ಯಾಸು, ಸಿಂಕಿನ ಕಡೆ 32 ಇಂಚು. ಕಿಟಕಿಯ ಕೆಳಗೆ ರೊಟ್ಟಿಗೆಂದೇ ಮೂರಡಿ ಉದ್ದದ ಕಟ್ಟೆ 27 ಇಂಚು, ಅದರ ಪಕ್ಕದಲ್ಲೇ ಹಂಚಿಗೆ ಒಂದು ಒಲೆ. ಸಿಂಕಿನ ಕಡೆ ಗ್ರಾನೈಟು, ಏಕೆಂದರೆ ಹುಣಸೆಹುಳಿ, ನಿಂಬೆರಸ ಬಿದ್ದರೆ ಸುಣ್ಣದ ಕಲ್ಲು ಕಲೆಗಟ್ಟುತ್ತದೆ. ರೊಟ್ಟಿಯ ಕಡೆ ಹಳೇ ಫರ್ಸಿಯನ್ನೇ ಉಳಿಸಿದೆವು. ನಾನು ಟೇಪು ಹಿಡಿದು ಅವ್ವನ ಮೊಣಕೈ, ಭುಜ, ಚಾಚಿದ ಕೈ ಅಳೆದೆ. ಇಪ್ಪತ್ತೆಂಟು ವರ್ಷದಲ್ಲಿ ಅವಳ ಕೈ ಎಷ್ಟೆತ್ತರಕ್ಕೆ ಮುಟ್ಟುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇಲಿನ ಗೂಡಿನಿಂದ ಡಬ್ಬಿ ತೆಗೆಯಲು ಅವಳು ಇಷ್ಟು ಕಾಲ ತುದಿಗಾಲಲ್ಲಿ ನಿಂತಿದ್ದಳು.

ಆಮೇಲೆ ಸಾಮಾನಿನ ಪಟ್ಟಿ ಮಾಡಲು ಕೂತೆವು. ಯಾವುದು ದಿನಾ ಬೇಕು, ಯಾವುದು ವಾರಕ್ಕೊಮ್ಮೆ, ಯಾವುದು ಹಬ್ಬಕ್ಕೆ ಮಾತ್ರ. ದಿನದ್ದು ಸೊಂಟದಿಂದ ಕಣ್ಣಿನ ಎತ್ತರದೊಳಗೆ, ಭಾರದ್ದು ಕೆಳಗೆ, ಅಪರೂಪದ್ದು ಮೇಲೆ. ನಾನು ಒಂದೊಂದೇ ಹೆಸರು ಓದುವುದು, ಅವ್ವ ಜಾಗ ಹೇಳುವುದು. ಏಳೂ ಗೂಡುಗಳಲ್ಲಿದ್ದದ್ದು ಹೀಗೆ ಪಟ್ಟಿಯಾಯಿತು, ಎಂಟನೆಯದೊಂದು ಉಳಿಯಿತು. ಅದು ಒಳಗಿರಲಿಲ್ಲ. ಹಿತ್ತಲ ಬಾಗಿಲಿನ ಹೊರಗೋಡೆಯಲ್ಲಿತ್ತು. ಅದರಲ್ಲಿ ಒಂದು ಸ್ಟೀಲಿನ ಗ್ಲಾಸು, ಅಂಚು ಸೊಟ್ಟಗಾದ ಒಂದು ಜರ್ಮನ್ ಗಂಗಾಳ. ನಮ್ಮ ಕಡೆ ಅಲ್ಯುಮಿನಿಯಮ್ಮಿಗೆ ಜರ್ಮನ್ ಅನ್ನುತ್ತಾರೆ.

"ಇವು ಎಲ್ಲಿಡೋದವ್ವಾ?"

"ಅದನ್ನ ಬರೀಬ್ಯಾಡ," ಅಂದಳು.

ಅವು ಯಾರವೆಂದು ನಾನು ಕೇಳಬೇಕಿರಲಿಲ್ಲ. ನಮ್ಮದು ಹೊಲ ಇರುವ ಮನೆ. ನಾನು ಹುಟ್ಟುವ ಮುಂಚಿನಿಂದ ಒಬ್ಬರು ನಮ್ಮಲ್ಲಿಗೆ ಭಾಂಡೆ ತಿಕ್ಕಲು, ಕಾಳು ಹಸನು ಮಾಡಲು ಬರುತ್ತಾರೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಲೇ ಎಂದು ಅವರನ್ನು ಕೇಳಿಲ್ಲ. ನಮ್ಮ ಅಡಿಗೆಮನೆಯ ಪ್ರತಿಯೊಂದು ಪಾತ್ರೆಯೂ ಅವರ ಕೈಯಲ್ಲಿ ತೊಳೆದದ್ದು. ಹಾಗೆ ತೊಳೆದ ಪಾತ್ರೆಗಳಲ್ಲಿ ಒಂದರಲ್ಲೂ ಅವರು ಉಂಡಿಲ್ಲ. ಅವ್ವ ಮೇಲಿನಿಂದ ಚಹಾ ಸುರಿಯುತ್ತಾಳೆ, ಅವರು ಕುಡಿದು ತೊಳೆದು ಆ ಗೂಡಿನಲ್ಲಿ ಇಡುತ್ತಾರೆ. ಇದನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ದಾಸೋಹದ ಮೇಲೆ ಎರಡು ಪ್ರಬಂಧ ಮಂಡಿಸಿ ಮನೆಗೆ ಬಂದ ದಿನಗಳಲ್ಲೂ ನೋಡಿದ್ದೇನೆ.

ಹಾಗಾದರೆ ಅದು ಅಂದೇ ಯಾಕೆ ಕಣ್ಣಿಗೆ ಚುಚ್ಚಿತು? ರೂಢಿಗೆ ನಕ್ಷೆ ಬೇಕಾಗುವುದಿಲ್ಲ. ಗೂಡು ಇತ್ತು, ಗ್ಲಾಸು ಅದರಲ್ಲಿತ್ತು, ಅಷ್ಟೆ. ಯಾರೂ ಅದನ್ನು ಅಲ್ಲಿಡಲು ನಿರ್ಧರಿಸಿರಲಿಲ್ಲ ಎಂದು ಎಲ್ಲರೂ ನಂಬಿಕೊಂಡು ಇರಬಹುದಿತ್ತು. ನಕ್ಷೆಯಲ್ಲಿ ಹಾಗೆ ನಡೆಯುವುದಿಲ್ಲ. ಗೋಡೆ ಒಡೆದು ಮತ್ತೆ ಕಟ್ಟುವಾಗ ಆ ಗೂಡನ್ನು ಬಿಡಬೇಕೆಂದು ಗೌಂಡಿಗೆ ನಾನೇ ಬಾಯಿ ಬಿಟ್ಟು ಹೇಳಬೇಕು: ಇಲ್ಲಿ, ಹೊರಗಡೆ, ಇಷ್ಟು ಎತ್ತರದಲ್ಲಿ, ಇಷ್ಟು ಅಗಲ. ಹಿರಿಯರ ತಪ್ಪು ಅಲ್ಲಿಗೆ ಮುಗಿದು ನನ್ನದು ಶುರುವಾಗುತ್ತದೆ. 1927ರಲ್ಲಿ ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿದ್ದು, ಸಂವಿಧಾನದ 17ನೇ ವಿಧಿ, 1955ರ ಕಾಯ್ದೆ, ಇವೆಲ್ಲ ನನಗೆ ಬಾಯಿಪಾಠ. ಹೋಟೆಲಿನಲ್ಲಿ ಇಟ್ಟ ಪಾತ್ರೆಯನ್ನು ಅಸ್ಪೃಶ್ಯತೆಯ ಹೆಸರಿನಲ್ಲಿ ಒಬ್ಬರಿಗೆ ನಿರಾಕರಿಸಿದರೆ ಆ ಕಾಯ್ದೆ ಶಿಕ್ಷೆ ಕೊಡುತ್ತದೆ. ಮನೆಯ ಹಿತ್ತಲ ಗೋಡೆಯನ್ನು ನೋಡಲು ಅದು ತಾನಾಗಿ ಬರುವುದಿಲ್ಲ. ಅಲ್ಲಿ ಇರುವವರು ನಾವೇ.

ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಒಂದು ಕ್ಷಣವೂ ತಡಮಾಡಲಿಲ್ಲ. "ಗೂಡು ಮುಚ್ಚಿಬಿಡು. ಪೇಪರ್ ಕಪ್ ತಂದಿಡು. ಕ್ಲೀನ್ ಕೆಲಸ, ತೊಳಿಯೋ ಗೋಜೂ ಇಲ್ಲ." ನನಗೂ ಹಗುರ ಅನ್ನಿಸಿತು. ಪಟ್ಟಿಯಿಂದ ಒಂದು ಸಾಮಾನು ಕಮ್ಮಿಯಾಯಿತು. ರಾತ್ರಿ ಮಲಗಿದ ಮೇಲೆ ಆ ಹಗುರವೇ ಚುಚ್ಚತೊಡಗಿತು. ಪೇಪರ್ ಕಪ್ಪಿಗೆ ಜಾಗ ಬೇಡ, ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಗೂಡಿನ ಗ್ಲಾಸು ಕಡೇಪಕ್ಷ ದಿನವೂ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಕಪ್ಪು ಆ ಸಾಕ್ಷಿಯನ್ನೇ ದಿನಕ್ಕೆ ಎರಡು ಸಲ ಕಸದ ಬುಟ್ಟಿಗೆ ಹಾಕುತ್ತದೆ. ಹೆಸರು ಮಾತ್ರ ಮಡಿಯಿಂದ ಹೈಜಿನ್‌ಗೆ ಬದಲಾಗಿರುತ್ತದೆ. ನಗರದ ಎಷ್ಟೋ ಹೊಳೆಯುವ ಅಡಿಗೆಮನೆಗಳು ಹೀಗೇ ನಿರಾಳವಾಗಿವೆಯೇನೋ.

ಮರುದಿನ ಅವ್ವನ ಜೊತೆ ಮಾತಾಡಿದೆ. ಅವಳನ್ನು ಒಪ್ಪಿಸುವ ವಾದಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಅವಳು ಎಲ್ಲವನ್ನೂ ಕೇಳಿ ಹೇಳಿದ್ದು ಇಷ್ಟು: "ನಾ ಈ ಮನೀಗಿ ಬಂದಾಗ ಆ ಗೂಡಿನ್ಯಾಗ ಎರಡು ಗಂಗಾಳ ಇದ್ದವು. ಒಂದು ನಂದು. ಹೊರಗಾದ ಮೂರು ದಿನ ನಾನೂ ಅಲ್ಲೇ ಕುಂತು ಉಣ್ಣತಿದ್ದೆ. ನಿಮ್ಮ ಆಯಿ ಮ್ಯಾಲಿಂದ ನೀಡತಿದ್ಲು." ಆ ಮಾತು ನನಗೆ ಗೊತ್ತಿರಲಿಲ್ಲ. ಆಯಿ ತೀರಿಕೊಂಡ ಮೇಲೆ ಅವ್ವನ ಗಂಗಾಳ ಒಳಗೆ ಬಂತು, ಇನ್ನೊಂದು ಅಲ್ಲೇ ಉಳಿಯಿತು.

ಅದೇ ಗೂಡಿನಲ್ಲಿ ಉಂಡವಳಿಗೆ ಪಕ್ಕದ ಗಂಗಾಳ ಯಾಕೆ ಕಾಣಲಿಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನೋವುಂಡವರಿಗೆ ನೋವು ತಾನಾಗಿ ತಿಳಿಯುತ್ತದೆ ಎಂದು ನಾವು ಸುಲಭವಾಗಿ ನಂಬುತ್ತೇವೆ. ತಿಂಗಳಿಗೆ ಮೂರು ದಿನ ಹೊರಗೆ ಕೂತವಳಿಗೆ ನಾಲ್ಕನೆಯ ದಿನದ ಖಾತ್ರಿ ಇತ್ತು. ಆ ಖಾತ್ರಿ ಇಬ್ಬರನ್ನೂ ಬೇರೆ ಮಾಡಿತ್ತು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗ್ಲಾಸಿನ ಸ್ಟ್ಯಾಂಡಿನ್ಯಾಗ ಜಾಗ ಅದ. ಇಡು. ನಿಮ್ಮ ಕಾಕಿ ಬಂದ್ರ ನೀನೇ ಉತ್ತರ ಕೊಡು," ಅಂದಳು.

ನಾನು ಗೆದ್ದೆ ಅಂದುಕೊಂಡೆ. ಸಂಜೆ ಅವರು ಬಂದಾಗ ನಮ್ಮೆಲ್ಲರ ಸಾಲಿನಿಂದ ಒಂದು ಗ್ಲಾಸು ತೆಗೆದು, ಚಹಾ ಹಾಕಿ, ಕೈಗೆ ಕೊಟ್ಟೆ. ಅವರು ಗೂಡಿನ ಕಡೆ ನೋಡಿದರು, ಅವ್ವನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಅರವತ್ತು ದಾಟಿದ ಹೆಂಗಸನ್ನು ನಾನು ಆ ಮೂರು ನೋಟಗಳ ನಡುವೆ ನಿಲ್ಲಿಸಿದ್ದೆ. ಅದು ಅವರಿಗೆ ಬೇಕೋ ಎಂದು ಕೇಳಿರಲಿಲ್ಲ. ಹೊಸ ಅಡಿಗೆಮನೆಯ ನಕ್ಷೆ ತೋರಿಸಿ, ಇನ್ನು ಮೇಲೆ ಎಲ್ಲ ಗ್ಲಾಸು ಒಂದೇ ಕಡೆ ಎಂದು ವಿವರಿಸಿದೆ. ಅವರು ನಕ್ಕರು.

"ಗಿಲಾಸ ಎಲ್ಲಿಟ್ರೂ ನಡೀತದ ಯಪ್ಪಾ. ಇದ್ರಾಗ ಭಾಂಡೆ ತಿಕ್ಕೋ ಕಲ್ಲು ಎಲ್ಲದ? ಅದರ ಮ್ಯಾಲ ಒಂದು ತಗಡು ಹಾಕಸ್ರಿ. ಬಿಸಿಲಿಗಿ ನೆತ್ತಿ ಸುಡ್ತದ."

ನಕ್ಷೆಯಲ್ಲಿ ಆ ಕಲ್ಲು ಇರಲಿಲ್ಲ. ಒಲೆ, ಸಿಂಕು, ಫ್ರಿಜ್ಜಿನ ತ್ರಿಕೋನ ಇತ್ತು. ಸಿಂಕಿನಲ್ಲಿ ನಾವು ತೊಳೆಯುವುದು ಕೈ ಮತ್ತು ತರಕಾರಿ. ಮನೆಯ ಪಾತ್ರೆಗಳೆಲ್ಲ ತೊಳೆಯುವುದು ಹಿತ್ತಲಿನ ಒಂದು ಫರ್ಸಿಯ ಮೇಲೆ, ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಕುಕ್ಕರಗಾಲಿನಲ್ಲಿ ಕೂತು. ಅವ್ವನ ಮೊಣಕಾಲಿಗಾಗಿ ಶುರುವಾದ ಕೆಲಸದಲ್ಲಿ ಇನ್ನೊಂದು ಜೊತೆ ಮೊಣಕಾಲಿದ್ದದ್ದು ನನಗೆ ಹೊಳೆದಿರಲಿಲ್ಲ. ಅವರ ಗ್ಲಾಸು ಎಲ್ಲಿರಬೇಕೆಂದು ಎರಡು ರಾತ್ರಿ ನಿದ್ದೆಗೆಟ್ಟವನು ಅವರು ಎಲ್ಲಿ ಕೂರುತ್ತಾರೆಂದು ಯೋಚಿಸಿರಲಿಲ್ಲ. ಗ್ಲಾಸಿನ ಚಿಂತೆ ನನ್ನ ಮರ್ಯಾದೆಯದಾಗಿತ್ತು. ಅದು ತಪ್ಪಾದ ಚಿಂತೆ ಎನ್ನಲಾರೆ, ಗೂಡು ಹೋಗಲೇಬೇಕಿತ್ತು. ಆದರೆ ನನ್ನ ಕೈ ಚೊಕ್ಕ ಮಾಡಿಕೊಳ್ಳುವುದು ಬೇರೆ, ಇನ್ನೊಬ್ಬರ ಕೈ ಎಲ್ಲಿಯವರೆಗೆ ಮುಟ್ಟುತ್ತದೆಂದು ಅಳೆಯುವುದು ಬೇರೆ. ಅವ್ವನಿಗೆ ನಾನು ಎರಡನೆಯದನ್ನು ಮಾಡಿದ್ದೆ, ಅವರಿಗೆ ಮೊದಲನೆಯದನ್ನು.

ಮತ್ತೆ ಟೇಪು ತೆಗೆದೆ, ಈ ಸಲ ಕೇಳಿ ಅಳೆದೆ. ಹಿತ್ತಲಿನಲ್ಲಿ ನಿಂತೇ ತೊಳೆಯುವಂತೆ 31 ಇಂಚಿನ ಕಟ್ಟೆ, ಒಂದು ನಲ್ಲಿ, ಮೇಲೆ ತಗಡಿನ ಸೂರು. ಅದಕ್ಕಾಗಿ ಒಳಗಿನ ಎರಡು ಸ್ಟೀಲಿನ ಟ್ರಾಲಿ ಬಿಡಬೇಕಾಯಿತು. ಅಣ್ಣ ಗೊಣಗಿದ. ಕೂಲಿಯ ಮಾತನ್ನೂ ಅಪ್ಪನ ಮುಂದೆ ಎತ್ತಿದೆ. ಅದು ಟೇಪಿನಿಂದ ಬಗೆಹರಿಯುವಂಥದ್ದಲ್ಲ, ಇನ್ನೂ ನಡೆದಿದೆ. ಅವರು ಇವತ್ತಿಗೂ ಹಿತ್ತಲ ಹೊಸ್ತಿಲು ದಾಟಿ ಒಳಗೆ ಬಂದು ತಾವೇ ಗ್ಲಾಸು ತೆಗೆದುಕೊಳ್ಳುವುದಿಲ್ಲ. ಯಾರಾದರೂ ಕೊಡಬೇಕು.

ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ. ಗ್ಲಾಸಿನ ಸ್ಟ್ಯಾಂಡಿನಲ್ಲಿ ಎಲ್ಲವೂ ಒಂದರೊಳಗೊಂದು ಕೂತಿದ್ದವು. ತುದಿಯಲ್ಲಿ ಒಂದು ಮಾತ್ರ ಬೇರೆಯಾಗಿ, ಬೋರಲಾಗಿತ್ತು. ಯಾಕೆಂದು ಕೇಳಲಿಲ್ಲ. ಅದನ್ನೇ ತೆಗೆದು ನೀರು ಕುಡಿದು, ತೊಳೆದು, ಉಳಿದವುಗಳೊಳಗೆ ಇಟ್ಟೆ. ಕಿಟಕಿಯ ಕೆಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಒಮ್ಮೆ ತಿರುಗಿ ನೋಡಿದಳು.

"ರೊಟ್ಟಿ ಆರ್ತಾವ," ಅಂದಳು, "ಉಣ್ಣು ಬಾ."