ಸಲಹೆಯ ಭಾರ ಹೊರುವವರು ಯಾರು?



ಕಾರ್ಕಳ, ಕಾಪುವಿನ ನಮ್ಮ ಮನೆಗಳಲ್ಲೂ ಇಂದು ಮಣಿಪಾಲದಲ್ಲಿ ಎಂ.ಬಿ.ಎ. ಮುಗಿಸಿದ ಮಕ್ಕಳಿದ್ದಾರೆ. ಕೆಲವರು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಕಂಪೆನಿ ಸೇರುತ್ತಾರೆ. "ಅಲ್ಲಿ ಏನು ಕೆಲಸ ಮಗಾ?" ಎಂದು ಅಜ್ಜಿ ಕೇಳಿದರೆ, "ಬೇರೆ ಕಂಪೆನಿಗಳಿಗೆ ಸಲಹೆ ಕೊಡುವುದು" ಎನ್ನಬೇಕು. 24ರ ಹರೆಯದಲ್ಲಿ ಸಲಹೆ ಮಾರುವುದು ತಪ್ಪೇ?

ತಪ್ಪಲ್ಲ. ಸದಾಲೋಚನೆ ಪವಿತ್ರಾತ್ಮರ ಏಳು ವರಗಳಲ್ಲಿ ಒಂದು. ದೃಢೀಕರಣ ಸಂಸ್ಕಾರದಲ್ಲಿ ಬಿಷಪರು ಅದಕ್ಕಾಗಿ ಪ್ರಾರ್ಥಿಸುತ್ತಾರೆ. ಆದರೆ ಅಪಾಯವೊಂದಿದೆ. ವೈದ್ಯರು ರೋಗಿಯ ಮುಖ ನೋಡುತ್ತಾರೆ. ಸಲಹೆಗಾರ ಅನೇಕ ವೇಳೆ ಲೆಕ್ಕದ ಹಾಳೆಯನ್ನಷ್ಟೇ ನೋಡುತ್ತಾನೆ. "ಇನ್ನೂರು ಮಂದಿಯನ್ನು ಕಡಿಮೆ ಮಾಡಿ" ಎಂದು ಬರೆದು ಊರು ಬಿಡುತ್ತಾನೆ. ಕೆಲಸ ಹೋದವನ ಮನೆಯ ಒಲೆ ಅವನಿಗೆ ಕಾಣದು.

ನಮ್ಮ ಊರಿನದೇ ನಿದರ್ಶನ ನೋಡಿ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರ ನೆರವಿಗಾಗಿ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಬಂದ ಪಿಗ್ಮಿ ಠೇವಣಿಗೆ ಮನೆಬಾಗಿಲಲ್ಲೇ ದಿನಕ್ಕೆ 2 ಆಣೆ ಕೊಟ್ಟರೆ ಸಾಕಿತ್ತು. ಬಡವನ ಕೈಯಲ್ಲಿ ಎಷ್ಟಿದೆ ಎಂದು ಬಲ್ಲವರ ಯೋಜನೆ ಅದು.

ಬಂಡವಾಳಕ್ಕಿಂತ ದುಡಿಯುವ ಮನುಷ್ಯ ಮೊದಲು ಎಂದು ಪೋಪ್ ಎರಡನೇ ಜಾನ್ ಪಾಲರು 1981ರ ವಿಶ್ವಪತ್ರದಲ್ಲಿ ಬೋಧಿಸಿದರು. ಆದ್ದರಿಂದ ಸಲಹೆಗಾರನಿಗೆ ಅಳತೆಗೋಲು ಒಂದೇ: ನಾನು ಬರೆದದ್ದನ್ನು, ಅದರ ಭಾರ ಹೊರುವವನ ಎದುರು ಕುಳಿತು ಹೇಳಬಲ್ಲೆನೇ? ಕೆಲವೊಮ್ಮೆ ಕಡಿತ ಅನಿವಾರ್ಯವಾದೀತು. ಆಗಲೂ ಪರಿಹಾರದ, ಬೇರೆ ಕೆಲಸದ ತರಬೇತಿಯ ಮಾತು ಆ ವರದಿಯಲ್ಲಿರಲಿ.

ಹೆತ್ತವರೇ, ಮಕ್ಕಳು ಫೋನ್ ಮಾಡಿದಾಗ ಸಂಬಳವೆಷ್ಟು ಎಂದು ಕೇಳುತ್ತೀರಿ. ಅವರ ಸಲಹೆಯಿಂದ ಯಾರಿಗೇನಾಯಿತು ಎಂದೂ ಕೇಳಿ.